ಆರು ತಿಂಗಳ ದೋಣಿ, ಆರು ತಿಂಗಳ ಕಡಾಯಿ

ಬಸ್ಸಿನಲ್ಲಿ ಕುಳಿತರೆ ನಾನು ಅಲುಗುವವನಲ್ಲ. ಎರಡೂ ಅಂಗೈಗಳನ್ನು ತೊಡೆಯ ಅಕ್ಕಪಕ್ಕ ಸೀಟಿಗೆ ಒತ್ತಿಕೊಂಡು, ಬೆನ್ನನ್ನು ಗೂಟದಂತೆ ನಿಲ್ಲಿಸಿ, ಎದುರಿನವರ ರುಮಾಲಿನ ಮೇಲೆ ಕಣ್ಣು ನೆಟ್ಟು ಜಹೀರಾಬಾದಿನಿಂದ ನಾರಾಯಣಖೇಡದವರೆಗೂ ಹಾಗೆಯೇ ಹೋಗುತ್ತೇನೆ. ಮೊನ್ನೆ ಕಂಡಕ್ಟರ್ ಹುಡುಗ ತಡೆಯಲಾರದೆ ಕೇಳಿಯೇಬಿಟ್ಟ: "ಯಾಕ್ರಿ ಕಾಕಾ, ಜೇಬಿನಾಗ ತತ್ತಿ ಇಟ್ಟೀರೇನ್ರಿ?" ಕೊರಳಲ್ಲಿ ಲಿಂಗ ಕಟ್ಟಿಕೊಂಡವನಿಗೆ ಮೊಟ್ಟೆಯ ಮಾತೇ ಎಂದು ಗದರಿಸಬೇಕೆಂದುಕೊಂಡೆ. ಆದರೆ ಬಸ್ಸು ತಿರುವಿನಲ್ಲಿತ್ತು. ಗದರಿಸುವ ಭರದಲ್ಲಿ ನನ್ನ ಭಾರ ಒಂದು ಕಡೆಗೆ ವಾಲಿದರೆ ಗತಿಯೇನು ಎಂದು ಸುಮ್ಮನಾದೆ.

ನಗಬೇಡಿ. ಇದು ಬಸ್ಸು ಕಲಿಸಿದ ಚಟವಲ್ಲ, ಹೊಳೆ ಕಲಿಸಿದ್ದು. ಇಪ್ಪತ್ಮೂರು ಇಪ್ಪತ್ನಾಲ್ಕರ ಪ್ರಾಯದಲ್ಲಿ ಮಾಂಜ್ರಾ ಹೊಳೆಯ ಮೇಲೆ ನನ್ನಷ್ಟು ಬೇಡಿಕೆಯ ಮನುಷ್ಯ ಮತ್ತೊಬ್ಬನಿರಲಿಲ್ಲ. ಹುಟ್ಟು ಚೆನ್ನಾಗಿ ಹಾಕಲು ಬರುತ್ತಿತ್ತೆಂದಲ್ಲ, ಈಜು ಬರುತ್ತಿತ್ತೆಂದೂ ಅಲ್ಲ. ಕುಳಿತಲ್ಲಿ ಕುಳಿತಂತೆ ಇರುವುದು ಬರುತ್ತಿತ್ತು.

ನಮ್ಮೂರು ನಾರಾಯಣಖೇಡದ ಕಡೆಯ ದಂಡೆಯಲ್ಲಿತ್ತು. ಎದುರು ದಂಡೆಯಿಂದ ಜಹೀರಾಬಾದಿನ ಗಾಡಿದಾರಿ ಹೊರಡುತ್ತಿತ್ತು. ರೈಲು ಬೇಕೆಂದರೂ ಅಲ್ಲಿಗೇ ಹೋಗಬೇಕು. ನಿಜಾಮರ ಕಾಲ. ಹೊಳೆಗೆ ಸೇತುವೆ ಬರುತ್ತದೆಂದು ನಮ್ಮಜ್ಜ ಕೇಳಿದ್ದ, ಅಪ್ಪ ಕೇಳಿದ್ದ, ನಾನೂ ಕೇಳುತ್ತಿದ್ದೆ. ಬೇರೆ ಊರುಗಳಲ್ಲಿ ಚರ್ಮ ಹೊದಿಸಿದ ಹರಿಗೋಲುಗಳಿದ್ದವು. ನಮ್ಮ ಹಿರಿಯರು ಚರ್ಮದ ಮೇಲೆ ಕುಳಿತು ಹೊಳೆ ದಾಟಲು ಒಪ್ಪದ ಮಡಿವಂತರು. ಹಾಗಾಗಿ ನಮ್ಮ ಊರಿನ ದೋಣಿ ಎಂದರೆ ಬೆಲ್ಲದ ಕಡಾಯಿ.

ನೀವು ಕಬ್ಬಿನ ಗಾಣದಲ್ಲಿ ನೋಡಿರುತ್ತೀರಿ: ನಾಲ್ಕಾರು ಜನ ಹಿಡಿದು ಎತ್ತಬೇಕಾದ, ದಪ್ಪ ತಗಡಿನ ತುಂಡುಗಳನ್ನು ಮೊಳೆ ಹೊಡೆದು ಜೋಡಿಸಿದ, ಅಂಚಿಗೆ ದೊಡ್ಡ ಬಳೆಗಳಿರುವ ಆ ಅಗಲವಾದ ಕಬ್ಬಿಣದ ಕಡಾಯಿ. ಚಳಿಗಾಲದಲ್ಲಿ ಒಲೆಯ ಮೇಲೆ ಕುಳಿತು ಕಬ್ಬಿನ ಹಾಲು ಕಾಯಿಸುತ್ತದೆ, ಮಳೆಗಾಲದಲ್ಲಿ ಕೆಲಸವಿಲ್ಲ. ಕೆಲಸವಿಲ್ಲದವರನ್ನು ಸುಮ್ಮನೆ ಕೂರಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಅದನ್ನು ಹೊಳೆಗೆ ಇಳಿಸುತ್ತಿದ್ದೆವು. ಐದು ಜನ ಕೂರಬಹುದು. ತೊಂದರೆ ಒಂದೇ, ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಒಂದು ಅಂಚಿನಲ್ಲಿ ಕುಳಿತು ಹುಟ್ಟು ಹಾಕಿದರೆ ಎದುರಿನ ಅಂಚು ಮೇಲೇಳುತ್ತದೆ, ಬುಗುರಿಯಂತೆ ತಿರುಗುತ್ತದೆ. ಎದುರಿಗೊಂದು ಭಾರ ಬೇಕು. ಕಲ್ಲು ಇಟ್ಟರೆ ಜಾರುತ್ತದೆ, ಜೋಳದ ಚೀಲ ಇಟ್ಟರೆ ನೆನೆಯುತ್ತದೆ. ಹೆದರಿದ ಮನುಷ್ಯನನ್ನು ಇಟ್ಟರೆ ಜಾರುವುದೂ ಇಲ್ಲ, ನೆನೆದರೂ ನಷ್ಟವಿಲ್ಲ.

ನಮ್ಮ ದಂಡೆಯಲ್ಲಿ ಮೂರು ಕಡಾಯಿಗಳಿದ್ದವು. ಒಂದು ಗುರವ್ವನದು. ಐವತ್ತರ ಆಸುಪಾಸಿನ ವಿಧವೆ. ಗಂಡ ಜ್ವರ ಬಂದು ಹೋದಾಗ ಕಡಾಯಿಯನ್ನು ಮಾರಿಬಿಡು ಎಂದು ಊರೆಲ್ಲ ಹೇಳಿತಂತೆ. ಆಕೆ ಕಚ್ಚೆ ಬಿಗಿದು ಹುಟ್ಟು ಹಿಡಿದಳು. ಇನ್ನೊಂದು ಮಶಾಕ್ ಸಾಬರದು. ಮೀನಿನ ಹುಚ್ಚಿನ ಮನುಷ್ಯ, ಆದರೆ ತಮ್ಮ ಕಡಾಯಿಯೊಳಗೆ ಒಂದೇ ಒಂದು ಮೀನನ್ನು ಇಟ್ಟವರಲ್ಲ. ಅದರಲ್ಲಿ ಕಾಯಿಸಿದ ಬೆಲ್ಲ ನಮ್ಮಂಥವರ ಮನೆಯ ದೇವರ ಮುಂದೆ ಹೋಗುತ್ತದೆಂದು, ಹಿಡಿದ ಮೀನನ್ನೆಲ್ಲ ಮುಚ್ಚಳದ ಬುಟ್ಟಿಯೊಂದರಲ್ಲಿ ಹಾಕಿ, ಹಗ್ಗ ಕಟ್ಟಿ, ನೀರಿನಲ್ಲೇ ಹಿಂದಿನಿಂದ ಎಳೆದು ತರುತ್ತಿದ್ದರು. ಅವರನ್ನು ಯಾರೂ ಹಾಗೆ ಮಾಡಿರೆಂದು ಕೇಳಿರಲಿಲ್ಲ. ಮೂರನೆಯ ಕಡಾಯಿ ನನ್ನದು, ಈ ಚನ್ನಪ್ಪನದು. ಪೂರ್ತಿ ನನ್ನದಲ್ಲ, ವರ್ಷದಲ್ಲಿ ಅರ್ಧ ಮಾತ್ರ ನನ್ನದು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ನಾನೂ ಅಣ್ಣ ಶಿವಲಿಂಗಪ್ಪನೂ ಬೇರೆಯಾದೆವು. ಹೊಲ ಹಂಚಿಹೋಯಿತು, ಎತ್ತು ಹಂಚಿಹೋಯಿತು, ಅಡುಗೆಮನೆಯ ನಡುವೆ ಗೋಡೆಯೂ ಎದ್ದಿತು. ಆ ಗೋಡೆ ಒಂದು ಗೇಣು ಯಾರ ಕಡೆಗೆ ಸರಿದಿದೆ ಎಂಬ ವಿಷಯದಲ್ಲಿ ಮಾತು ಬೆಳೆದು, ಮಾತೇ ನಿಂತುಹೋಯಿತು. ಅಣ್ಣ ಆ ಮನೆಯನ್ನೇ ಬಿಟ್ಟು ಊರ ಆಚೆ ಮಗ್ಗುಲಿಗೆ ಹೋಗಿ ನೆಲೆಸಿದ. ಉಳಿದದ್ದು ಕಡಾಯಿ. ಹಂಚಲು ಬರುವುದಿಲ್ಲ. ಹಿರಿಯರು ಕುಳಿತು ತೀರ್ಮಾನ ಹೇಳಿದರು: ಕಾರಹುಣ್ಣಿಮೆಯಿಂದ ದೀಪಾವಳಿವರೆಗೆ ಆಚೆ ದಂಡೆಯಲ್ಲಿ ಹೊಲವಿರುವ ತಮ್ಮನಿಗೆ ದೋಣಿ, ದೀಪಾವಳಿಯಿಂದ ಕಾರಹುಣ್ಣಿಮೆವರೆಗೆ ಕಬ್ಬಿನ ಹೊಲವಿರುವ ಅಣ್ಣನಿಗೆ ಕಡಾಯಿ. ಕೊಡುವವನು ತಿಕ್ಕಿ ಕೊಡಬೇಕು. ತೆಗೆದುಕೊಳ್ಳುವವನು ಅದರೊಳಗೆ ನೀರು ಸುರಿದು ಒಂದು ಬೊಗಸೆ ಕುಡಿಯಬೇಕು. ಕುಡಿದರೆ ಒಪ್ಪಿದಂತೆ.

ನಾಲ್ಕು ವರ್ಷ ಹೀಗೆ ನಡೆಯಿತು. ವರ್ಷಕ್ಕೆ ಎರಡು ಸಲ ಅಣ್ಣತಮ್ಮಂದಿರು ಹೊಳೆದಂಡೆಯಲ್ಲಿ ಎದುರಾಗುತ್ತಿದ್ದೆವು. ನಡುವೆ ಮಶಾಕ್ ಸಾಬರು.

"ಮಶಾಕ್ ಸಾಬ್, ಬಳಿ ಒಂದು ಸಡಲ್ಯದ ಅಂತ ಹೇಳ್ರಿ ಆತಗ" ಎಂದು ಅಣ್ಣ ಅನ್ನುತ್ತಿದ್ದ.

"ಮಶಾಕ್ ಸಾಬ್, ಅದು ಕಾರಹುಣ್ಣಿಮಿಗಿ ಬಂದಾಗೇ ಸಡಲಿತ್ತು ಅಂತ ಹೇಳ್ರಿ" ಎಂದು ನಾನು ಅನ್ನುತ್ತಿದ್ದೆ.

ಮಶಾಕ್ ಸಾಬರು ಇಬ್ಬರ ನಡುವೆ ತಲೆ ತಿರುಗಿಸಿ ತಿರುಗಿಸಿ ಕೊನೆಗೆ, "ನನ್ನ ಗೋಣು ನೋಯ್ಲತ್ತದ ಭಾಯ್, ನೀವಿಬ್ಬರೂ ಕಡಾಯಿಗೇ ಹೇಳ್ರಿ, ಅದು ನನಗಿಂತ ಶಾಣ್ಯಾ ಅದ" ಎನ್ನುತ್ತಿದ್ದರು.

ಈ ಕಾರಣಕ್ಕೇ ನಮ್ಮ ದೋಣಿಗಳ ಆರೈಕೆ ಬೇರೆ ದೋಣಿಗಳಂತಲ್ಲ. ಚಪ್ಪಲಿ ಬಿಟ್ಟು ಹತ್ತಬೇಕು. ಸಂಜೆ ದಂಡೆಗೆ ಎಳೆದ ಮೇಲೆ ಮರಳು, ಬೂದಿ ಹಾಕಿ ಉಜ್ಜಬೇಕು. ತುಕ್ಕು ಹಿಡಿಯದಂತೆ ಕುಸುಬಿ ಎಣ್ಣೆ ಸವರಬೇಕು. ಬಾಯಿಗೆ ಆಗದ ಯಾವ ಎಣ್ಣೆಯನ್ನೂ ಮುಟ್ಟಿಸಬಾರದು. ಆಮೇಲೆ ಮೂರು ಕಲ್ಲುಗಳ ಮೇಲೆ ಬೋರಲು ಹಾಕಬೇಕು. ಗುರವ್ವ ಮೂರೂ ಕಡಾಯಿಗಳ ಸುತ್ತ ಬಂದು, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, "ಆರಾಮ ಅದ" ಎಂದ ಮೇಲೆಯೇ ನಾವು ಮನೆಗೆ ಹೋಗುವುದು. ವೈದ್ಯರು ಅಷ್ಟು ಮನಸ್ಸಿಟ್ಟು ನನ್ನ ಎದೆಯನ್ನು ಈವರೆಗೆ ಕೇಳಿಲ್ಲ.

ಕೆಲಸವಿಲ್ಲದ ದಿನ ಮೂರನ್ನೂ ಹಗ್ಗದಿಂದ ಜೋಡಿಸಿ ಹೊಳೆಯ ನಡುವಿನ ಮರಳುದಿಬ್ಬಕ್ಕೆ ಹೋಗುತ್ತಿದ್ದೆವು. ರೊಟ್ಟಿ, ಪುಂಡಿಪಲ್ಯ, ನಂಚಿಕೊಳ್ಳಲು ಶೇಂಗಾ ಹಿಂಡಿ. ಮಶಾಕ್ ಸಾಬರು ತಮ್ಮ ಬುತ್ತಿಯನ್ನು ಹತ್ತು ಮಾರು ದೂರ ಕುಳಿತು ಉಣ್ಣುತ್ತಿದ್ದರು, ಹಿಂಡಿ ಕೇಳಲು ಮಾತ್ರ ಹತ್ತಿರ ಬರುತ್ತಿದ್ದರು. ಹೊರಡುವಾಗ ಒಂದು ಜಗಳ ಖಾಯಂ: ನಾನು ಯಾರ ಕಡಾಯಿಯಲ್ಲಿ ಕೂರಬೇಕು ಎಂಬುದು. "ಇವತ್ತ ಆತನ್ನ ನನಗ ಕೊಡ್ರಿ, ಗಾಳಿ ಭಾಳ ಅದ" ಎಂದು ಗುರವ್ವ ನನ್ನ ರಟ್ಟೆ ಹಿಡಿಯುತ್ತಿದ್ದಳು. ಹಾಗೆ ಎಳೆದಾಡಿಸಿಕೊಳ್ಳುವಾಗ ನನಗಾಗುತ್ತಿದ್ದ ಹೆಮ್ಮೆಯನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಮ್ಮೆ ತಾಂಡೂರಿನಿಂದ ನನ್ನ ಮಾವ ಬಂದರು. ಹಾಸುಗಲ್ಲಿನ ವ್ಯಾಪಾರ ಅವರದು. ಕಲ್ಲಿನ ಮೇಲಲ್ಲದೆ ಬೇರೆಲ್ಲೂ ಕುಳಿತು ರೂಢಿಯಿಲ್ಲ. ಮರಳಿ ಹೊರಟ ದಿನ ಗುರವ್ವನ ಕಡಾಯಿ ಹತ್ತಿ, ಕಣ್ಣು ಮುಚ್ಚಿ, ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕುಳಿತರು. ಕಡಾಯಿ ಸುಳಿಗೆ ಸಿಕ್ಕಿ ನಾಲ್ಕು ಸುತ್ತು ತಿರುಗಿ ದಂಡೆಗೆ ತಾಗಿತು. ಮಾವ ಇಳಿದು ನೆಲ ಮುಟ್ಟಿ ನಮಸ್ಕರಿಸಿ, "ಜಹೀರಾಬಾದ್ ದಾರಿ ಯಾವ ಕಡಿಗಿರಿ?" ಎಂದರು.

"ಹೊಳಿ ಆಚಿಗಿರಿ ಮಾವನೋರೆ," ಎಂದಳು ಗುರವ್ವ. "ನೀವು ಹತ್ತಿದಲ್ಲೇ ಇಳದೀರಿ."

ವಿಷಯಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲದ್ದರಿಂದಲೇ ಮಾವನನ್ನು ನಡುವೆ ತಂದದ್ದು.

ಅದು ನಾಲ್ಕನೆಯ ವರ್ಷದ ಶ್ರಾವಣ. ಮರಳುದಿಬ್ಬದಿಂದ ಮೂರೂ ಕಡಾಯಿಗಳು ಮರಳುತ್ತಿದ್ದವು. ನನ್ನ ಕಡಾಯಿಗೆ ಅಂದು ಗುರವ್ವನೇ ಹುಟ್ಟು ಹಾಕುತ್ತಿದ್ದಳು, ಆಕೆಯ ಕಡಾಯಿ ಹಗ್ಗದಲ್ಲಿ ಹಿಂದೆ ಬರುತ್ತಿತ್ತು. ನಾನು ಎದುರು ಅಂಚಿನಲ್ಲಿ ಗೂಟವಾಗಿ ಕುಳಿತಿದ್ದೆ. ಮಾಂಜ್ರಾದಲ್ಲಿ ಮೊಸಳೆಗಳಿರುವುದು ನಿಜ. ಅವು ಯಾರ ತಂಟೆಗೂ ಬಂದದ್ದಿಲ್ಲವೆಂಬುದೂ ನಿಜ. ನನ್ನಂಥವನ ತಲೆಯಲ್ಲಿ ಮೊದಲ ನಿಜಕ್ಕೆ ಮಾತ್ರ ಜಾಗ. ಪಕ್ಕದಲ್ಲಿ ಕಪ್ಪಗೆ, ಉದ್ದಕ್ಕೆ, ಅರ್ಧ ಮುಳುಗಿಕೊಂಡು ಏನೋ ನಮ್ಮತ್ತಲೇ ಬರುತ್ತಿರುವುದು ಕಂಡಿತು. ಜೀವನದಲ್ಲಿ ಮೊದಲ ಸಲ ನಾನು ಕಡಾಯಿಯಲ್ಲಿ ಎದ್ದು ನಿಂತೆ. ನಿಂತವನು ಜಿಗಿದೆ, ಗುರವ್ವನ ಮಡಿಲಿಗೆ.

ಬಂದದ್ದು ಮಶಾಕ್ ಸಾಬರ ಮೀನಿನ ಬುಟ್ಟಿ.

ಕಡಾಯಿ ಅಷ್ಟರಲ್ಲಿ ಗರ್ರನೆ ತಿರುಗಿ ದಂಡೆಯ ಬಂಡೆಗೆ ಹೊಡೆದಿತ್ತು. ಗುರವ್ವ ನನ್ನನ್ನು ಮಡಿಲಿನಿಂದ ಇಳಿಸಿ, "ಏಳಪ್ಪಾ, ನಿನ್ನ ಮೊಸಳಿಗಿ ಸಾಬ್ರು ಸಂಜಿಗಿ ಸಾರು ಮಾಡ್ತಾರ" ಎಂದಳು. ಎಲ್ಲರೂ ನಕ್ಕರು. ಆ ಗಲಾಟೆಯಲ್ಲಿ ಅಂದು ಕಡಾಯಿಯನ್ನು ತಟ್ಟಿ ನೋಡುವುದು ಉಳಿದುಹೋಯಿತು.

ಮರುದಿನ ನೋಡಿದರೆ ಎರಡು ತಗಡು ಸೇರುವಲ್ಲಿ ಒಂದು ಮೊಳೆ ಸಡಿಲಾಗಿ ನೀರು ಜಿನುಗುತ್ತಿತ್ತು. ನ್ಯಾಯವಾಗಿ ಕಮ್ಮಾರನನ್ನು ಕರೆಯಬೇಕು. ನಮ್ಮೂರ ಕಮ್ಮಾರನ ಕುಲುಮೆ ಅಣ್ಣನ ಹೊಸ ಮನೆಯ ಗೋಡೆಗೆ ಅಂಟಿಕೊಂಡಿತ್ತು. ಅಲ್ಲಿ ಸುತ್ತಿಗೆ ಬಿದ್ದರೆ ಅಣ್ಣನಿಗೆ ತಿಳಿಯುತ್ತದೆ. ತಿಳಿದರೆ ಮಶಾಕ್ ಸಾಬರ ಮೂಲಕ ಏನೇನು ಹೇಳಿಸುತ್ತಾನೋ ಎಂದು ಎರಡು ದಿನ ಊಟ ಸೇರಲಿಲ್ಲ. ಆಗ ಜಹೀರಾಬಾದಿನ ಸಡಕಿಗೆ ಡಾಂಬರು ಹಾಕುತ್ತಿದ್ದರು. ಒಂದು ಡಬ್ಬಿ ಬೇಡಿ ತಂದು, ಆಚೆ ದಂಡೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ಕಾಯಿಸಿ ಸಂದಿಗೆ ಬಳಿದುಬಿಟ್ಟೆ. ಅದು ಹರಿದು ತಳದಲ್ಲೆಲ್ಲ ಹಬ್ಬಿತು. ಮೇಲೆ ಬೂದಿ ಉಜ್ಜಿ ಬಣ್ಣ ಮರೆಸಿದೆ. ಒಂದು ಹನಿ ಸೋರಲಿಲ್ಲ. ನಾನು ಕೈಯಾರೆ ಮಾಡಿದ ಕೆಲಸಗಳಲ್ಲಿ ಇಷ್ಟು ಚೆನ್ನಾಗಿ ನಿಂತದ್ದು ಅದೊಂದೇ. ಆಮೇಲೆ ಸಂಜೆಯ ತಪಾಸಣೆಗೆ ಸಿಗದಂತೆ, ಜೋಳ ಕಾಯುವ ನೆವ ಹೇಳಿ ಕಡಾಯಿಯನ್ನು ಆಚೆ ದಂಡೆಯಲ್ಲೇ ಕಟ್ಟತೊಡಗಿದೆ.

ನಾನು ದೋಣಿಯನ್ನು ರಿಪೇರಿ ಮಾಡಿದ್ದೆ. ಅದು ಆರು ತಿಂಗಳು ಒಲೆಯ ಮೇಲೆ ಕೂರುವ ಪಾತ್ರೆ ಎಂಬುದು, ಊರಿನ ಕೂಸಿಗೂ ಗೊತ್ತಿದ್ದದ್ದು, ಹೆದರಿಕೆಯಲ್ಲಿ ನನ್ನ ತಲೆಯಿಂದ ಹಾರಿಹೋಗಿತ್ತು. ಮಹಾನವಮಿ ಕಳೆದ ಮೇಲೆ ಅಣ್ಣನ ಕಬ್ಬಿನ ಹೊಲದ ಬದುವಿನಲ್ಲಿ ನಡೆದು ಬರುವಾಗ ನೆನಪಾಯಿತು. ಆಳೆತ್ತರಕ್ಕಿಂತ ಮೇಲೆ ನಿಂತಿತ್ತು ಕಬ್ಬು. ಆ ವರ್ಷ ಅವನು ಮನೆಗೆಂದು ಜೋಳವನ್ನೂ ಬಿತ್ತದೆ ಇದ್ದಬದ್ದ ನೆಲಕ್ಕೆಲ್ಲ ಕಬ್ಬು ಹಾಕಿದ್ದ. ಗುರವ್ವನ, ಮಶಾಕ್ ಸಾಬರ ಕಡಾಯಿಗಳಿಗೆ ಅವರವರ ಕಬ್ಬು ಕಾದಿತ್ತು. ಡಾಂಬರಿನ ಕಡಾಯಿಯಲ್ಲಿ ಹಾಲು ಕಾಯಿಸಿದರೆ ಬೆಲ್ಲವನ್ನು ದನವೂ ಮೂಸುವುದಿಲ್ಲ. ಕಾಯಿಸದಿದ್ದರೆ ಕಬ್ಬು ನಿಂತಲ್ಲೇ ಒಣಗುತ್ತದೆ. ಅತ್ತಿಗೆ, ಮೂರು ಮಕ್ಕಳು, ಒಂದು ವರ್ಷದ ಅನ್ನ. ನಾನು ಬದುವಿನ ಮೇಲೆಯೇ ಕುಳಿತುಬಿಟ್ಟೆ.

ನಾಲ್ಕು ದಿನ ಕಡಾಯಿಯನ್ನು ತಿಕ್ಕಿದ್ದಕ್ಕಿಂತ ತಿಕ್ಕುವ ಯೋಚನೆ ಮಾಡಿದ್ದೇ ಹೆಚ್ಚು. ಐದನೆಯ ದಿನ ಗುರವ್ವ ತಾನಾಗಿ ಆಚೆ ದಂಡೆಗೆ ಬಂದಳು. ಕಡಾಯಿಯನ್ನು ತಟ್ಟಿದಳು. ಠಣ್ ಎನ್ನಬೇಕಾದದ್ದು ಬದ್ ಎಂದಿತು. ತಳಕ್ಕೆ ಅಂಗೈ ಒತ್ತಿ ಮೂಸಿದಳು.

"ಎಷ್ಟ್ ದಿನಾ ಆತು?"

"ಶ್ರಾವಣದಾಗ ಹಚ್ಚೀನಿ ಯವ್ವಾ."

"ಮೊಸಳಿ ಬಂದ ಮರದಿನ?"

"ಮೂರನೇ ದಿನ."

ಬಯ್ಯುತ್ತಾಳೆಂದು ಕಾದೆ. ಆಕೆ ದಂಡೆಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರಿದಳು. "ತಮ್ಮಾ, ನೀ ಇಷ್ಟ ಫಿಕೀರ್ ಮಾಡಾಂವ, ಮಾಡಬೇಕಾದಲ್ಲೇ ಮಾಡಲಿಲ್ಲ ನೋಡು. ಆತು. ತಿಕ್ಕಾಕ ನಾ ಬರ್ತೀನಿ. ನಿಮ್ಮಣ್ಣಗ ಹೇಳಾಂವ ಮಾತ್ರ ನೀನೇ. ಸಾಬ್ರ ಬಾಯಿಲೆ ಅಲ್ಲ, ನಿನ್ನ ಬಾಯಿಲೆ."

ದೀಪಾವಳಿಗೆ ಹನ್ನೊಂದು ದಿನ ಉಳಿದಿತ್ತು. ಮಶಾಕ್ ಸಾಬರು ಸಿರ್ಗಾಪುರಕ್ಕೆ ನಡೆದುಹೋಗಿ ಅಲ್ಲಿಯ ಕಮ್ಮಾರನನ್ನು ಕರೆತಂದರು. ಹಳೆಯ ಮೊಳೆ ಕಿತ್ತು, ಕಾಯಿಸಿದ ಹೊಸದನ್ನು ಬಡಿದದ್ದಾಯಿತು. ಡಾಂಬರಿನದೇ ದೊಡ್ಡ ಕೆಲಸ. ಕಡಾಯಿಯನ್ನು ಬೋರಲು ಹಾಕಿ ಕೆಳಗೆ ಸಗಣಿ ಕುಳ್ಳಿನ ಬೆಂಕಿ ಹಚ್ಚಿದರೆ ಕರಗಿ ತೊಟ್ಟಿಕ್ಕುತ್ತಿತ್ತು. ಬಿಸಿಯಿರುವಾಗಲೇ ಕಳೆ ಕೀಳುವ ಕುರ್ಚಿಗೆಯಿಂದ ಕೆರೆಯಬೇಕು, ತಣ್ಣಗಾದರೆ ಬಿಡುವುದಿಲ್ಲ. ಗುರವ್ವ ಒದ್ದೆ ಗೋಣಿ ಸುತ್ತಿಕೊಂಡು ಒಳಗೆ ಕೈ ಹಾಕುತ್ತಿದ್ದಳು. ಆಮೇಲೆ ಇಟ್ಟಿಗೆ ಪುಡಿ, ಹುಣಸೆಹಣ್ಣು, ಮರಳು. ಆಮೇಲೆ ಸುಣ್ಣದ ನೀರು ಕುದಿಸಿ ಚೆಲ್ಲುವುದು. ಮತ್ತೆ ಬೆಂಕಿ. ಅವರಿಬ್ಬರಿಗೂ ತಮ್ಮ ತಮ್ಮ ಗಾಣ ಹೂಡುವ ಕೆಲಸವಿತ್ತು, ಅದನ್ನೆಲ್ಲ ಬೆಳಿಗ್ಗೆಯೇ ಮುಗಿಸಿ ಬರುತ್ತಿದ್ದರು. ನನ್ನ ಪಾಲಿಗೆ ಕಡಾಯಿಯ ಅಂಚಿನಲ್ಲಿ ಭಾರವಾಗಿ ಕೂರುವ ಕೆಲಸ ಕೊಟ್ಟರು, ತಿಕ್ಕುವಾಗ ಅದು ಅಲುಗದಿರಲೆಂದು. ಅದನ್ನು ಚೆನ್ನಾಗಿ ಮಾಡಿದೆ.

ದಿನವೂ ಕೊನೆಗೆ ಒಳ್ಳೆಯ ನೀರು ಕುದಿಸಿ, ಗುರವ್ವ ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಉಗುಳುತ್ತಿದ್ದಳು. "ಇನ್ನಾ ಅದ." ಒಂಬತ್ತನೆಯ ದಿನ ಉಗುಳಲಿಲ್ಲ, ನುಂಗಿದಳು.

"ಇಲ್ಲ ಅನಸ್ತದ."

"ಅನಸ್ತದ ಅಂದ್ರ? ಖರೇ ಇಲ್ಲೋ, ಅನಸ್ತದೋ?"

"ನನ್ನ ಹತ್ರ ಇರೂದು ಒಂದೇ ನಾಲಿಗಿ. ಅದು ಇಲ್ಲ ಅನ್ಲತ್ತದ. ನಿನಗ ಬ್ಯಾರೆ ನಾಲಿಗಿ ಬೇಕಾದ್ರ ತಾಂಡೂರಿಂದ ನಿಮ್ಮ ಮಾವಗ ಕರಸು."

ಆಕೆಯ ಬೆರಳುಗಳ ತುದಿಯಲ್ಲಿ ಬೊಬ್ಬೆಗಳು ಎದ್ದು ಒಡೆದಿದ್ದವು. ಅದನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಂಡಿದ್ದರಿಂದಲೇ ನನ್ನ ಕಣ್ಣಿಗೆ ಬಿತ್ತು.

ದೀಪಾವಳಿ ಮುಗಿದ ಮೂರನೆಯ ದಿನ ಅಣ್ಣ ಬಂಡಿ ಕಟ್ಟಿಕೊಂಡು ಬಂದ. ಕಡಾಯಿಗೆ ಕೊಡದಿಂದ ನೀರು ಸುರಿದ. ಬೊಗಸೆ ಮಾಡಿ ಬಗ್ಗಿದ. ಗುರವ್ವ ನನ್ನತ್ತ ನೋಡಲಿಲ್ಲ, ಹೊಳೆಯನ್ನು ನೋಡುತ್ತಿದ್ದಳು. ನೋಡಿದ್ದರೆ ಬಹುಶಃ ನನ್ನಿಂದ ಆಗುತ್ತಿರಲಿಲ್ಲ.

"ಅಣ್ಣಾ, ತಡಿ" ಎಂದೆ. ನಾಲ್ಕು ವರ್ಷದ ಮೇಲೆ ಆ ಪದ ಬಾಯಿಂದ ಬಂದದ್ದು. "ಸೋರ್ತಿತ್ತು. ಡಾಂಬರು ಹಚ್ಚಿದ್ದೆ. ಇವರಿಬ್ಬರೂ ತಿಕ್ಕಿ ತಗದಾರ. ಪೂರಾ ಹೋಗ್ಯದೋ ಇಲ್ಲೋ, ನನಗ ತಿಳೀದು."

ಅಣ್ಣ ಬೊಗಸೆಯ ನೀರನ್ನು ಹಾಗೆಯೇ ಹಿಡಿದು ನಿಂತ. ಒಮ್ಮೆ ಗುರವ್ವನ ಕೈಗಳ ಕಡೆ ನೋಡಿದ. ಆಮೇಲೆ ಕುಡಿದ. ಒಂದಲ್ಲ, ಎರಡು ಬೊಗಸೆ. ಬಾಯಿ ಒರೆಸಿಕೊಂಡು, "ಮಶಾಕ್ ಸಾಬ್, ನೀರು ಚಲೋ ಅದ ಅಂತ ಹೇಳ್ರಿ ಆತಗ" ಎಂದು ಕಡಾಯಿಯನ್ನು ಬಂಡಿಗೆ ಹೇರಿಸಿ ಹೊರಟುಹೋದ.

"ನೀರು ಚಲೋ ಅದಂತ ಭಾಯ್" ಎಂದರು ಮಶಾಕ್ ಸಾಬರು, ಕಣ್ಣು ಒರೆಸಿಕೊಳ್ಳುತ್ತ. ಹೊಗೆಯಿಂದ ಅಂದರು. ಒಲೆ ಆರಿ ನಾಲ್ಕೈದು ದಿನವಾಗಿತ್ತು.

ಚಳಿಗಾಲವಿಡೀ ಅಣ್ಣನ ಗಾಣ ನಡೆಯಿತು. ಅವನ ಬೆಲ್ಲ ಪೇಟೆಗೆ ಹೋಯಿತು, ಅಚ್ಚು ಕಟ್ಟಿದ ಒಂದು ಪೆಂಟೆಯೂ ಮರಳಿ ಬರಲಿಲ್ಲ. ಗುರವ್ವ ದಂಡೆಯಲ್ಲಿ ಸಿಕ್ಕವರಿಗೆಲ್ಲ ನಾಲಿಗೆ ಚಾಚಿ ತೋರಿಸಿ, "ಇದರ ಕರಾಮತ್ತು" ಎನ್ನುತ್ತಿದ್ದಳು. ನಾನೂ ನಿದ್ದೆ ಮಾಡತೊಡಗಿದೆ.

ಕಾರಹುಣ್ಣಿಮೆ ಬಂತು. ಅಣ್ಣ ಕಡಾಯಿ ತಂದು ಇಳಿಸಿದ. ಮಿರಮಿರ ಹೊಳೆಯುತ್ತಿತ್ತು. ನಾನು ನೀರು ಕುಡಿದೆ. ಮಶಾಕ್ ಸಾಬರು ಗೋಣು ತಿರುಗಿಸಲು ಸಿದ್ಧರಾದರು. ಅಣ್ಣ ಅವರನ್ನು ದಾಟಿ ನನ್ನನ್ನೇ ನೋಡಿ, "ಬಿಸಲಾಗ ನಿಂತೀದಿ. ಮನಿಗಿ ಬಂದು ನೀರು ಕುಡದು ಹೋಗು" ಎಂದ.

ಹೋದೆ. ಅವನ ಹೊಸ ಮನೆಯ ಹೊಸ್ತಿಲು ಎಷ್ಟು ಎತ್ತರವೆಂದು ಗೊತ್ತಿಲ್ಲದೆ ಎಡವಿದೆ. ಅತ್ತಿಗೆ ಚೊಂಬಿನಲ್ಲಿ ನೀರು ತಂದಿಟ್ಟು, ಬೆಲ್ಲ ತರಲು ಪಡಸಾಲೆಯ ಗಡಿಗೆಗೆ ಕೈ ಹಾಕಿದಳು. ಅಣ್ಣ ಅಂದ: "ಅದು ಬ್ಯಾಡ. ನಾವು ತಿನ್ನೂದು ತಾ."

ಅತ್ತಿಗೆ ಅವನ ಮುಖವನ್ನೊಮ್ಮೆ ನೋಡಿ ಒಳಗೆ ಹೋಗಿ ಕಪ್ಪಗಿನ ಒಂದು ತುಂಡು ತಂದಳು. ಬಾಯಿಗೆ ಹಾಕಿಕೊಂಡೆ. ಮೊದಲು ಸಿಹಿ. ಆಮೇಲೆ, ಗಂಟಲ ಹತ್ತಿರ, ಜಹೀರಾಬಾದಿನ ಸಡಕು.

ಅಣ್ಣನ ಮೂರು ಮಕ್ಕಳು ಜಗಲಿಯ ಮೇಲೆ ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದವು, ಅದೇ ಬೆಲ್ಲದ ರುಚಿ ಎಂಬಂತೆ. ಕಡಾಯಿಯಲ್ಲಿ ಕಾಯಿಸಿದ ಮೊದಲ ಎರಡು ಪಾಕಗಳಲ್ಲಿ ವಾಸನೆ ಬಂದಿತ್ತು ಎಂದು ಅತ್ತಿಗೆ ತಗ್ಗಿದ ದನಿಯಲ್ಲಿ ಹೇಳಿದಳು. ತಳ ಹತ್ತಿತೆಂದು ಅಣ್ಣ ಗಾಣದ ಆಳುಗಳಿಗೆ ಹೇಳಿ, ಅಷ್ಟನ್ನೂ ಮನೆಗೆ ಹೊತ್ತು ತಂದಿದ್ದನಂತೆ. ಮೂರನೆಯದರಿಂದ ಎಲ್ಲ ಸರಿಹೋಯಿತು. ಅವರು ಹಬ್ಬಹುಣ್ಣಿಮೆಗೆಲ್ಲ ಹೋಳಿಗೆ ಮಾಡಿದ್ದು ಇದರದೇ.

ಅಣ್ಣ ಕೇಳಿದ: "ಹ್ಯಾಂಗ ಅದ?"

"ಚಲೋ ಅದ."

"ಸುಳ್ಳಾ. ಇನ್ನಾ ಎರಡು ಪೆಂಟಿ ಉಳದಾವ. ಒಂದು ನೀ ಒಯ್ಯಿ." ಆಮೇಲೆ ದನಿ ತಗ್ಗಿಸಿದ. "ಗುರವ್ವಗ ಹೇಳಬ್ಯಾಡ. ಆಕಿ ಕೈ ಸುಟಗೊಂಡಾಳ."

ಪೆಂಟೆಯನ್ನು ಅಂಗವಸ್ತ್ರದಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡು ಹೊಳೆಯ ದಾರಿಯಿಂದ ಬಂದೆ. ಆ ದಾರಿಯಲ್ಲಿ ಗುರವ್ವ ಇರುತ್ತಾಳೆಂಬುದು ಹೊಳೆದದ್ದು ಅವಳು ಎದುರಿಗೆ ಬಂದ ಮೇಲೆಯೇ.

"ಏನ್ ಒಯ್ಲತ್ತಿ?"

"ಅಣ್ಣನ ಮನಿ ಬೆಲ್ಲ."

ಆಕೆಯ ಮುಖ ಅಗಲವಾಯಿತು. "ಅಣ್ಣ ಕೊಟ್ನೇನು? ಕೈಯಾರೆ ಕೊಟ್ನೇನು? ತಾ, ಒಂದು ಚೂರು ಕೊಡು, ನನ್ನ ನಾಲಿಗಿ ಗೆದ್ದದ್ದು ನಾನೂ ನೋಡ್ತೀನಿ" ಎಂದು ಕೈ ಚಾಚಿದಳು. ಬೊಬ್ಬೆ ಎದ್ದಿದ್ದ ಕಡೆಯಲ್ಲೆಲ್ಲ ಹೊಸ ಚರ್ಮ ಬಂದಿತ್ತು.

ನಾನು ಗಂಟನ್ನು ಎದೆಗವಚಿಕೊಂಡೆ. "ಇಲ್ಲ ಯವ್ವಾ. ಕೊಡೂದಿಲ್ಲ."

"ಒಂದು ಚೂರು?"

"ಒಂದು ಚೂರೂ ಇಲ್ಲ."

ಗುರವ್ವ ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಎಂಥ ನಗು ನಕ್ಕಳೆಂದರೆ, ದೂರದಲ್ಲಿ ಬುಟ್ಟಿ ಹೆಣೆಯುತ್ತಿದ್ದ ಮಶಾಕ್ ಸಾಬರು ಎದ್ದು ಬಂದರು. "ಕೇಳಿದ್ರೇನ್ರಿ ಸಾಬ್ರ, ಅಣ್ಣನ ಮನಿ ಬೆಲ್ಲ ಒಂದು ಚೂರು ಕೊಡಾಕ ಈತಗ ಮನಸ ಬರವಲ್ದು. ನಾಕು ವರ್ಷ ಮಾತಾಡಿಲ್ಲ, ಈಗ ನೋಡ್ರಿ, ಹ್ಯಾಂಗ ತಬ್ಬಕೊಂಡಾನ." ಸಂಜೆಯೊಳಗೆ ಎರಡೂ ದಂಡೆಗಳಿಗೆ ಸುದ್ದಿ ಮುಟ್ಟಿತು: ಚನ್ನಪ್ಪನಂಥ ಜಿಪುಣ ಮತ್ತೊಬ್ಬನಿಲ್ಲ.

ಆ ಪೆಂಟೆಯನ್ನು ನಾನೂ ನನ್ನ ಹೆಂಡತಿಯೂ ಶ್ರಾವಣದವರೆಗೆ ತಿಂದೆವು. ಜಿಪುಣನೆಂಬ ಹೆಸರು ಮಾತ್ರ ಇನ್ನೂ ಮುಗಿದಿಲ್ಲ. ಗುರವ್ವ ಕೊನೆಯ ದಿನಗಳಲ್ಲಿ, ಹಾಸಿಗೆ ಹಿಡಿದಾಗಲೂ, ನನ್ನನ್ನು ಕಂಡರೆ, "ಬಂದ್ಯಾ, ಬೆಲ್ಲಾ ಕೊಡದಾಂವ" ಎಂದು ನಗುತ್ತಿದ್ದಳು. ನಾನು ಒಮ್ಮೆಯೂ ಅಲ್ಲಗಳೆಯಲಿಲ್ಲ.